ಎರಡನೇ ನೀರು

ನಾನು ಒಂದು ಹಿತ್ತಾಳೆಯ ಕಾಫಿ ಫಿಲ್ಟರ್. ಎರಡು ಅಂತಸ್ತಿನ ಮೈ. ಮೇಲಂತಸ್ತಿನ ತಳದಲ್ಲಿ ಇನ್ನೂರ ಹನ್ನೊಂದು ತೂತು. ನನ್ನನ್ನು ಮಾಡಿದ ನಾಗಮಂಗಲದ ವೀರಾಚಾರಿ ಮೊಳೆಯಿಟ್ಟು ಸುತ್ತಿಗೆಯಿಂದ ಒಂದೊಂದೇ ತೂತು ಕುಟ್ಟಿದ. ಕುಟ್ಟಿ ಮುಗಿದ ಮೇಲೆ ನನ್ನನ್ನು ಬೆಳಕಿಗೆ ಹಿಡಿದು ಹೆಂಡತಿಯನ್ನು ಕರೆದ.

"ಬಾರಮ್ಮಿ ಇಲ್ಲಿ, ಹಗಲೊತ್ತಲ್ಲೇ ನಕ್ಷತ್ರ ತೋರುಸ್ತೀನಿ!"

ಹೊಟ್ಟೆಯ ತುಂಬ ತೂತಿರುವವರಲ್ಲಿ ಗುಟ್ಟು ನಿಲ್ಲುವುದಿಲ್ಲ. ಜೀವನವೆಲ್ಲ ಇಳಿಸಿ ಇಳಿಸಿ ಈಗ ಇಳಿವಯಸ್ಸಿಗೆ ಬಂದಿದ್ದೇನೆ. ಐವತ್ತೆರಡು ವರ್ಷ ಒಂದು ಅನ್ಯಾಯ ನನ್ನ ಮೂಲಕವೇ ಹನಿಹನಿಯಾಗಿ ಇಳಿಯಿತು. ಅದನ್ನು ಹೇಳಿಬಿಡುತ್ತೇನೆ.

ನನ್ನನ್ನು ಕೊಂಡವರು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ಸುಂದರಮ್ಮ. ಅವರ ಮಗ ಶೇಷಾದ್ರಿ ಗೂಡ್ಸ್ ಗಾಡಿಯ ಗಾರ್ಡ್. ನಾನು ಆ ಮನೆಗೆ ಬಂದ ತಿಂಗಳಲ್ಲೇ ಸೊಸೆಯೂ ಬಂದಳು. ಹೆಸರು ಕಮಲಾಕ್ಷಿ, ಹತ್ತೊಂಬತ್ತು ವರ್ಷ. ಅತ್ತೆ ಅವಳ ಕೈಗೆ ನನ್ನನ್ನು ಕೊಟ್ಟು ಪಾಠ ಶುರುಮಾಡಿದರು.

"ಪುಡೀನ ಅದುಮಬೇಡ ಕಣೆ ಕಮಲೂ, ಅದಕ್ಕೂ ಉಸಿರಾಡಕ್ಕೆ ಜಾಗ ಬೇಕು. ನೀರು ಚೆನ್ನಾಗಿ ಮರಳಲಿ. ಮೊದಲು ಒಂದೇ ಸೌಟು ಹುಯ್ಯಿ. ಪುಡಿ ಉಬ್ಬತ್ತೆ ನೋಡು, ಆಮೇಲೆ ಮಿಕ್ಕಿದ್ದು. ಮುಚ್ಚಿಡು. ಘಳಿಗೆಗೊಂದು ಸಲ ಮುಚ್ಚಳ ತೆಗೆದು ಇಣುಕಬೇಡ."

ಕೊನೆಗೆ ಆ ಮನೆಯ ಪದ್ಧತಿ ಹೇಳಿದರು. ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ಗಂಡಸರಿಗೆ, ಮನೆಗೆ ಬಂದವರಿಗೆ. ಅದೇ ಚರಟದ ಮೇಲೆ ಎರಡನೇ ಸಲ ನೀರು ಹುಯ್ದು ಇಳಿಸಿದ್ದು ಹೆಂಗಸರಿಗೆ. ಆ ಎರಡನೆಯದು ಹೇಗಿರುತ್ತದೆಂದು ನನ್ನನ್ನೇ ಕೇಳಿ. ಬಣ್ಣ ಇರುತ್ತದೆ, ಕಾಫಿ ಇರುವುದಿಲ್ಲ.

ಕಮಲಾಕ್ಷಿಗೆ ನನ್ನ ಭಾಷೆ ಬೇಗ ಬಂತು. ಮೊದಲು ನಾನು 'ಟಪಟಪಟಪ' ಎನ್ನುತ್ತೇನೆ, ನಡುವೆ 'ಟಪ್... ಟಪ್', ಕೊನೆಗೆ ಒಂದು ನಿಟ್ಟುಸಿರು. ಅವಳು ಹಾಲು ಕಾಯಿಸುತ್ತಲೇ ಕಿವಿಯಲ್ಲಿ ಅಳೆಯುತ್ತಿದ್ದಳು, ಮೂಗಿನಲ್ಲಿ ತೂಗುತ್ತಿದ್ದಳು. ನಾಲಿಗೆಗೆ ಮಾತ್ರ ಕೆಲಸವಿರಲಿಲ್ಲ. ಆದರೂ ಶೇಷಾದ್ರಿ ಮೊದಲ ಗುಟುಕಿಗೇ ಕೈಯೆತ್ತಿ ಇಲ್ಲದ ಹಸಿರು ಬಾವುಟ ಬೀಸುತ್ತಿದ್ದ: "ಲೈನ್ ಕ್ಲಿಯರ್!" ಅವನ ಜೊತೆ ಬಂದ ಡ್ರೈವರುಗಳೂ "ಮನೆ ಕಾಫಿ ಅಂದ್ರೆ ಇದು ಕಣಯ್ಯ" ಎನ್ನುತ್ತಿದ್ದರು. ಅವಳು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಏಳು ತಿಂಗಳ ಬಸುರಿಯಾಗಿದ್ದಾಗ ಒಂದು ಬೆಳಿಗ್ಗೆ ಅವಳಿಗೆ ಮನಸ್ಸು ತಡೆಯಲಿಲ್ಲ. ಮೊದಲನೆಯದನ್ನೇ ಎರಡು ಚಮಚ ತನ್ನ ಲೋಟಕ್ಕೆ ಬಗ್ಗಿಸಿ, ಹಾಲು ಬೆರೆಸಿ, ತುಟಿಯವರೆಗೆ ತಂದಳು. ಸುಂದರಮ್ಮ ಒಳಗೆ ಬಂದರು. ಗದರಲಿಲ್ಲ.

"ಇಟ್ಬಿಡು ಕಮಲೂ. ಶೇಷಾದ್ರಿ ಡ್ಯೂಟಿ ಮುಗಿಸಿ ಬರೋ ಹೊತ್ತು."

"ಒಂದು ಗುಟುಕು ಅಷ್ಟೇ ಅತ್ತೆ. ದಿನಾ ಮಾಡ್ತೀನಲ್ಲ, ರುಚಿ ಹೆಂಗಿರತ್ತೆ ಅಂತ..."

"ನಂಗೇನು ಗೊತ್ತು ಹೆಂಗಿರತ್ತೆ ಅಂತ?" ಎಂದರು ಸುಂದರಮ್ಮ. "ನಾನು ಮೂವತ್ತು ವರ್ಷದಿಂದ ಮಾಡ್ತಿದೀನಿ."

ಕಮಲಾಕ್ಷಿ ಅದನ್ನು ಗಂಡನ ಲೋಟಕ್ಕೆ ಸುರಿದಳು. ಆಮೇಲೆ ನನ್ನೊಳಗೆ ಎರಡನೇ ನೀರು ಹುಯ್ದಳು. ಅತ್ತೆ ಸೊಸೆ ಇಬ್ಬರೂ ಒಲೆಯ ಪಕ್ಕ ನಿಂತು ಅದನ್ನೇ ಕುಡಿದರು, ಒಬ್ಬರ ಮುಖ ಒಬ್ಬರು ನೋಡದೆ.

ಸುಂದರಮ್ಮ ಹಾಸಿಗೆ ಹಿಡಿದದ್ದು ಹದಿನಾಲ್ಕು ವರ್ಷಗಳ ಮೇಲೆ. ಗಂಜಿಯೂ ಸೇರುತ್ತಿರಲಿಲ್ಲ. ಕಮಲಾಕ್ಷಿ ಒಂದು ದಿನ ಯಾರನ್ನೂ ಕೇಳದೆ ಮೊದಲ ಡಿಕಾಕ್ಷನ್ನಿನಲ್ಲಿ ಕಾಫಿ ಬೆರೆಸಿ, ಆರಿಸಿ, ಚಮಚದಲ್ಲಿ ಅತ್ತೆಯ ಬಾಯಿಗೆ ಹಿಡಿದಳು. ಮುದುಕಿಗೆ ಕಣ್ಣು ಮಂಜಾಗಿತ್ತು, ಮೂಗು ಮಾತ್ರ ಚುರುಕು.

"ಇದು ಮೊದಲನೇದಲ್ವೇನೆ?"

"ಹೌದು ಅತ್ತೆ. ಕುಡೀರಿ."

"ಅವನಿಗಿಡು" ಎಂದು ಸುಂದರಮ್ಮ ಬಾಯಿ ಮುಚ್ಚಿಕೊಂಡರು. ಮತ್ತೆ ಕಾಫಿಗೆಂದು ಆ ಬಾಯಿ ತೆರೆಯಲಿಲ್ಲ.

ಇಷ್ಟಾದ ಮೇಲೆ ಕಮಲಾಕ್ಷಿ ಪದ್ಧತಿಯನ್ನು ಮುರಿಯುತ್ತಾಳೆಂದು ನಾನು ಕಾದೆ. ಮುರಿಯಲಿಲ್ಲ. ಮನಸ್ಸು ಏನೆಂದುಕೊಂಡಿತೋ, ಕೈ ತಾನಾಗಿ ಎರಡನೇ ನೀರಿಗೆ ಹೋಗುತ್ತಿತ್ತು. ಶೇಷಾದ್ರಿ ನಿವೃತ್ತನಾದ, ಊರಿನಲ್ಲೇ ಮನೆ ಕಟ್ಟಿದರು. ಅವನು ತೀರಿಕೊಂಡಾಗ ಹದಿಮೂರನೆಯ ದಿನದವರೆಗೆ ನನ್ನನ್ನು ಬೋರಲು ಹಾಕಿದ್ದರು. ಹದಿನಾಲ್ಕನೆಯ ದಿನ ಮೊದಲ ಡಿಕಾಕ್ಷನ್ ಮಗ ಶ್ರೀಪತಿಯ ಲೋಟಕ್ಕೆ ಹೋಯಿತು. ಶ್ರೀಪತಿಯ ಹೆಂಡತಿ ಟೀ ಕುಡಿಯುವವಳು, ಆದ್ದರಿಂದ ಪಾರಾದಳು.

ಶ್ರೀಪತಿಯ ಮಗಳು ಮೇದಿನಿ ಹಾಸನದಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ರುಚಿ ನೋಡುವ ಕೆಲಸ ಕಲಿಯುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಮೂವರು ಹೊಸಬರನ್ನು ತಂದು ಸಾಲಾಗಿ ನಿಲ್ಲಿಸಿದಳು. ಕಾಗದದ ಟೋಪಿ ತೊಟ್ಟ ಗಾಜಿನ ಆಲಿಕೆ. ಪುಡಿಯನ್ನು ನೀರಲ್ಲಿ ನಾಲ್ಕು ನಿಮಿಷ ನೆನೆಸಿ, ಜಾಲರಿಯಿಂದ ಕೆಳಕ್ಕೆ ಒತ್ತುವ ಗಾಜಿನ ಜಾಡಿ. ಒಲೆಯ ಮೇಲೆ ಕೂತು ಬುಸುಗುಟ್ಟುವ ಒಂದು ಸಣ್ಣ ಅಲ್ಯೂಮಿನಿಯಂ ಪಾತ್ರೆ. ಅದರಲ್ಲಿ ಕಾಫಿ ಕೆಳಗಿಳಿಯದೆ ಮೇಲಕ್ಕೇರುತ್ತದೆ! ನಾನಂತೂ ಬೆಪ್ಪಾದೆ. ಅದರ 'ಬುಸ್ ಗುಳುಗುಳು' ಅನುಕರಿಸಲು ನೋಡಿ ಸೋತೆ.

"ಅಜ್ಜಿ, ಮುಂದಿನ ತಿಂಗಳು ನಂಗೆ ಪರೀಕ್ಷೆ. ಊರೇ ಹೊಗಳೋ ಕಾಫಿ ಮಾಡೋಳು ನೀನು. ನಿನ್ನ ನಾಲಿಗೆ ಸ್ವಲ್ಪ ಸಾಲ ಕೊಡು."

ಮೊದಲು ಗಾಜಿನ ಆಲಿಕೆಯದು. ಮೇದಿನಿ ಕೆಟಲಿನ ಮೂತಿಯಿಂದ ಸಣ್ಣಗೆ, ರಂಗೋಲಿ ಎಳೆಯುವ ಹಾಗೆ ಸುತ್ತಿಸುತ್ತಿ ನೀರು ಬಿಟ್ಟಳು. ಕಮಲಾಕ್ಷಿ ಹಾಲಿಲ್ಲದ ಆ ಕಾಫಿಯನ್ನು ಚಪ್ಪರಿಸಿ, "ಕಷಾಯ ಕಣೆ ಇದು" ಎಂದಳು. ಇನ್ನೊಂದು ಗುಟುಕು ಕುಡಿದಳು. "ಆದ್ರೆ ಸುಳ್ಳಿಲ್ಲ ಇದರಲ್ಲಿ." ಆಮೇಲೆ ಆಲಿಕೆಯೊಳಗಿನ ಒದ್ದೆ ಪುಡಿಯನ್ನು ಬಗ್ಗಿ ನೋಡಿದಳು.

"ಎರಡನೇ ನೀರು ಯಾವಾಗ ಹಾಕ್ತೀಯ?"

"ಹಾಕಲ್ಲ ಅಜ್ಜಿ. ಇದಕ್ಕೆ ಒಂದೇ ಸಲ."

"ಆ ಜಾಡಿಗೆ?"

"ಅದಕ್ಕೂ ಇಲ್ಲ. ಯಾವುದಕ್ಕೂ ಇಲ್ಲ."

"ಮತ್ತೆ ಹೆಂಗಸರು ಏನು ಕುಡೀತಾರೆ?"

ಮೇದಿನಿ ತಮಾಷೆಯೆಂದು ನಕ್ಕಳು. ಅಜ್ಜಿಯ ಮುಖ ನೋಡಿ ನಗು ನಿಂತಿತು. "ಅಜ್ಜಿ, ನಿನ್ನ ಫಿಲ್ಟರಿಂದು ಇದಕ್ಕಿಂತ ಹೆಂಗಿರತ್ತೆ ಹೇಳು?" ಎಂದು ಮೆಲ್ಲಗೆ ಕೇಳಿದಳು.

"ಎಲ್ಲರೂ ಚೆನ್ನಾಗಿದೆ ಅಂತಾರೆ."

"ನೀನೇನಂತೀಯ?"

ಕಮಲಾಕ್ಷಿ ಗೂಡಿನಿಂದ ನನ್ನನ್ನು ಇಳಿಸಿದಳು. ಪುಡಿ ಹಾಕಿದಳು, ಅದುಮಲಿಲ್ಲ. ಒಂದು ಸೌಟು ಮರಳುವ ನೀರು, ಆಮೇಲೆ ಮಿಕ್ಕಿದ್ದು. ಮುಚ್ಚಳವಿಟ್ಟು ಕಾದಳು. ವೀರಾಚಾರಿ ಕೊಟ್ಟ ಇನ್ನೂರ ಹನ್ನೊಂದು ದಾರಿಯಲ್ಲೂ ನಾನು ಅಂದು ಎಚ್ಚರದಿಂದ ಇಳಿಸಿದೆ.

ಹಜಾರದಿಂದ ಶ್ರೀಪತಿ ಕೂಗಿದ: "ಅಮ್ಮಾ, ಕಾಫಿ ಆಯ್ತಾ?"

ಅವಳ ಕೈ ಮಗನ ದೊಡ್ಡ ಲೋಟದ ಕಡೆಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಪಕ್ಕದ ಸಣ್ಣ ಲೋಟ, ಅಂಚು ನೆಗ್ಗಿದ ಅವಳದೇ ಲೋಟ, ಹತ್ತಿರ ಬಂತು. ಮೊದಲನೆಯದನ್ನು ಅದಕ್ಕೆ ಬಗ್ಗಿಸಿದಳು. ಉಳಿದದ್ದನ್ನು ಮಗನಿಗೂ ಮೊಮ್ಮಗಳಿಗೂ ಸಮನಾಗಿ ಹಂಚಿದಳು. ಯಾವಾಗಲೂ ನಿಂತೇ ಕುಡಿಯುತ್ತಿದ್ದವಳು ಆ ದಿನ ಸ್ಟೂಲು ಎಳೆದುಕೊಂಡು ಕೂತಳು.

ಶ್ರೀಪತಿ ಒಳಗೆ ಬಂದು ತನ್ನ ಲೋಟ ಎತ್ತಿ ಒಂದು ಗುಟುಕು ಹೀರಿದ. "ಫಸ್ಟ್ ಕ್ಲಾಸ್ ಅಮ್ಮ, ಎಂದಿನ ಹಾಗೆ."

ಕಮಲಾಕ್ಷಿ ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಬಹಳ ಹೊತ್ತಿನ ಮೇಲೆ ಲೋಟ ಕೆಳಗಿಟ್ಟಳು.

"ಚಿಕೋರಿ ಜಾಸ್ತಿ" ಎಂದಳು.

ಆಮೇಲೆ ಮಗನ ಕಡೆ ತಿರುಗಿದಳು.

"ಐವತ್ತೆರಡು ವರ್ಷ ಕಣೋ ಶ್ರೀಪತಿ. ಒಬ್ಬರೂ ಹೇಳಲಿಲ್ವಲ್ಲೋ."

ಮಾರನೆಯ ದಿನ ಕಾಫಿಪುಡಿ ಗಿರಣಿಗೆ ಮೇದಿನಿಯ ಕೈಯಲ್ಲಿ, ಚಿಕೋರಿ ಕಡಿಮೆ ಮಾಡಿದ ಹೊಸ ಅಳತೆಯ ಚೀಟಿ ಹೋಯಿತು. ಈಗ ನಾನು ಕಿಟಕಿಯ ಮೂಲೆಯಲ್ಲಿ, ಗಾಜಿನ ಆಲಿಕೆಯ ಪಕ್ಕದಲ್ಲಿದ್ದೇನೆ. ಮೈಯೆಲ್ಲ ನೆಗ್ಗಿದೆ. ಸೋಸುವುದು ನನ್ನ ಧರ್ಮವೆಂದುಕೊಂಡಿದ್ದೆ. ಪುಡಿಯನ್ನಷ್ಟೇ ಅಲ್ಲ, ಮನುಷ್ಯರನ್ನೂ ಸೋಸುತ್ತಿದ್ದೆನೆಂದು ಆ ಭಾನುವಾರ ತಿಳಿಯಿತು.

ಅಂದು ಲೋಟ ಖಾಲಿಯಾದ ಮೇಲೆ ಕಮಲಾಕ್ಷಿ ನನ್ನನ್ನೆತ್ತಿಕೊಂಡು ಹಿತ್ತಿಲಿಗೆ ಹೋದಳು. ಇನ್ನೂ ಬಿಸಿಯಾಗಿದ್ದ ಚರಟವನ್ನು ಕರಿಬೇವಿನ ಗಿಡದ ಬುಡಕ್ಕೆ ಕೊಡವಿದಳು, ಮತ್ತೆ ತಂದು ಒಲೆಯ ಪಕ್ಕ ಇಟ್ಟಳು. ಅಭ್ಯಾಸಬಲದಿಂದ ನಾನು ಬಾಯಿ ತೆರೆದು ಎರಡನೇ ನೀರಿಗೆ ಕಾದೆ. ನೀರು ಬರಲಿಲ್ಲ.