ಹೂಂಗುಟ್ಟಿದ ಸಂಜೆ

ರಾಮಪ್ರಸಾದನ ತಲೆಯೊಳಗೆ ಒಬ್ಬ ವಕೀಲ ಮನೆ ಮಾಡಿಕೊಂಡಿದ್ದ. ಫೀಸು ಕೇಳದ, ರಜೆ ತೆಗೆದುಕೊಳ್ಳದ, ಇದುವರೆಗೆ ಒಂದು ಕೇಸನ್ನೂ ಗೆಲ್ಲದ ವಕೀಲ. ಸ್ನಾನದ ಮನೆಯಲ್ಲಿ, ಕಂಪನಿ ಬಸ್ಸಿನಲ್ಲಿ, ದೇವರ ಮುಂದೆ ಕೈಮುಗಿದು ನಿಂತಾಗಲೂ ಅವನ ವಾದ ನಡೆದೇ ಇರುತ್ತಿತ್ತು. ರಾಮಪ್ರಸಾದ ಇದನ್ನು ಯೋಚನೆ ಎಂದುಕೊಂಡಿದ್ದ. ಪಾಪ, ಬಹಳ ಜನ ಹಾಗೇ ಅಂದುಕೊಂಡಿರುತ್ತಾರೆ.

ಈ ರೋಗ ಅವನಿಗೆ ಅಂಟಿದ್ದು ಪೀಣ್ಯದ ಕಾರ್ಖಾನೆಯಲ್ಲಿ. ಅವನಿದ್ದದ್ದು ಪ್ರೆಸ್ ಶಾಪಿನಲ್ಲಿ. ಇಪ್ಪತ್ತು ಪ್ರೆಸ್ಸುಗಳು ಒಟ್ಟಿಗೆ ತಗಡು ಕುಟ್ಟುವ ಜಾಗ. ಅಲ್ಲಿ ಪಕ್ಕದಲ್ಲಿ ನಿಂತವನು ಕಿರುಚಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿಯವರೆಲ್ಲ ತುಟಿ ನೋಡಿಯೇ ಮಾತು ತಿಳಿಯುವುದನ್ನು ಕಲಿತಿದ್ದರು. ‘ಕ್ಯಾಂಟೀನಿಗೆ ಬರ್ತೀಯಾ?’ ಎಂದು ಆಚೆ ಗೋಡೆಯ ಹತ್ತಿರ ಒಬ್ಬ ಬಾಯಾಡಿಸಿದರೆ ಈಚೆ ಗೋಡೆಯವನು ತಲೆಯಾಡಿಸುತ್ತಿದ್ದ. ಅಷ್ಟು ಬಿಟ್ಟರೆ ಎಂಟು ಗಂಟೆ ಹೊತ್ತು ಮಾತಿಗೆ ಸಿಗುವವನು ತಾನೊಬ್ಬನೇ. ಹದಿನೆಂಟು ವರ್ಷ ಹೀಗೆ ತನ್ನ ಜೊತೆ ತಾನೇ ಮಾತಾಡಿ ಆ ವಕೀಲನನ್ನು ಅವನೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದ.

ಎಂಬತ್ಮೂರನೇ ಇಸವಿಯ ಯುಗಾದಿ ಕಳೆದ ವಾರ ವಕೀಲನಿಗೆ ಜನ್ಮಕ್ಕಾಗುವಷ್ಟು ದೊಡ್ಡ ಕೇಸು ಸಿಕ್ಕಿತು. ರಾಮಪ್ರಸಾದನಿಗಿಂತ ನಾಲ್ಕು ವರ್ಷ ಕಿರಿಯನಾದ ದ್ವಾರಕಾನಾಥನನ್ನು ಫೋರ್‌ಮನ್ ಮಾಡಿದರು. ಮ್ಯಾನೇಜರ್ ವೆಂಕಟಸುಬ್ಬಯ್ಯನವರು ಬಡ್ತಿಯ ಪಟ್ಟಿಗೆ ಸಹಿ ಹಾಕಿದವರೇ ದೆಹಲಿಗೆ ಟೂರ್ ಹೋಗಿಬಿಟ್ಟರು. ಅವರು ಬಂದ ಕೂಡಲೇ ಹೇಳಬೇಕಾದ್ದನ್ನು ರಾಮಪ್ರಸಾದ ಒಳಗೇ ತಾಲೀಮು ಮಾಡತೊಡಗಿದ. ‘ಸಾರ್, ಹದಿನೆಂಟು ವರ್ಷದ ಸರ್ವಿಸು. ಒಂದು ಮೆಮೊ ಇಲ್ಲ. ಯಾವ ನ್ಯಾಯ ಸಾರ್ ಇದು?’ ಎಂದು ಒಂದು ಸಲ. ‘ನ್ಯಾಯ’ದ ಬದಲು ‘ಧರ್ಮ’ ಎಂದರೆ ಹೇಗೆ ಎಂದು ಇನ್ನೊಂದು ಸಲ.

ಅದೇ ವಾರ ಅವನ ತಾಯಿ ಸೀತಾಲಕ್ಷ್ಮಮ್ಮನ ಗಂಟಲಿನ ರಿಪೋರ್ಟು ಬಂತು. ಆರು ತಿಂಗಳಿಂದ ದನಿ ಒಡೆದಿತ್ತು. ಶೀತ ಎಂದುಕೊಂಡು ಮೆಣಸಿನ ಕಷಾಯ ಕುಡಿದು ಕಾಲ ಕಳೆದಿದ್ದಳು. ಶನಿವಾರ ಡಾಕ್ಟರು ನೇರವಾಗಿ ಹೇಳಿದರು.

“ಧ್ವನಿಪೆಟ್ಟಿಗೇನೇ ತೆಗೀಬೇಕು. ಜೀವ ಉಳಿಯುತ್ತೆ, ಮಾತು ಉಳಿಯಲ್ಲ. ಬುಧವಾರ ಬೆಳಿಗ್ಗೆ ಅಡ್ಮಿಟ್ ಮಾಡಿ, ಗುರುವಾರ ಆಪರೇಷನ್.”

ಸೀತಾಲಕ್ಷ್ಮಮ್ಮ ಅಳಲಿಲ್ಲ. “ಇನ್ನು ನಾಲ್ಕು ದಿನ ಇದೆಯಲ್ಲ, ಸಾಕು ಬಿಡಿ,” ಎಂದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಲಗ್ಗೆರೆಯ ರಾಮಾಂಜಿನಪ್ಪನ ವಠಾರದಲ್ಲಿ ಅವರದು ಕೊನೆಯ ಮನೆ. ಮಕ್ಕಳಿಲ್ಲ; ಗಂಡ, ಹೆಂಡತಿ, ತಾಯಿ, ಮೂವರೇ. ಭಾನುವಾರ ಹೆಂಡತಿ ಊರ್ಮಿಳಾ ಗಂಡನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು.

“ಏನ್ರೀ, ರಾಮಾಂಜಿನಪ್ಪನವರ ಹತ್ರ ಟೇಪ್ ರೆಕಾರ್ಡರ್ ಇದೆಯಲ್ಲ. ಇಸ್ಕೊಂಡು ಬನ್ನಿ. ಅತ್ತೆ ಮಾತು ಒಂದಿಷ್ಟು ಹಿಡಿದಿಟ್ಕೊಳೋಣ.”

“ಹೂಂ,” ಎಂದ ರಾಮಪ್ರಸಾದ.

ಟೇಪ್ ರೆಕಾರ್ಡರ್ ಇದ್ದದ್ದು ಅಂಗಳದ ಆಚೆ ಕಡೆ, ಎಣಿಸಿದರೆ ಮೂವತ್ತು ಹೆಜ್ಜೆ. ದಿನಾ ಸಂಜೆ ರಾಮಾಂಜಿನಪ್ಪ ಅದರಲ್ಲಿ ಹರಿಕಥೆ ಹಾಕಿ ವಠಾರಕ್ಕೆಲ್ಲ ಕೇಳಿಸುತ್ತಿದ್ದ. ಸೋಮವಾರ ಊರ್ಮಿಳಾ ಮತ್ತೆ ನೆನಪಿಸಿದಳು. ಮತ್ತೆ ‘ಹೂಂ’. ಅವಳೇ ಹೋಗಿ ಕೇಳಬಹುದಿತ್ತು. ಗಂಡ ಒಪ್ಪಿಕೊಂಡ ಕೆಲಸಕ್ಕೆ ತಾನು ಹೋದರೆ ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದಳು. ಆಮೇಲೆ ಅವಳೂ ತನ್ನನ್ನು ಬೈದುಕೊಂಡಳು.

ರಾಮಪ್ರಸಾದ ರಜೆ ಹಾಕಬಹುದಿತ್ತು. ಹಾಕಲಿಲ್ಲ. ಮ್ಯಾನೇಜರು ಯಾವ ಗಳಿಗೆಯಲ್ಲಾದರೂ ಬರಬಹುದು, ತಾನು ಅಲ್ಲಿರಬೇಕು.

ಮಂಗಳವಾರ ಸಂಜೆ ಅವನು ಮನೆಗೆ ಬಂದಾಗ ಸೀತಾಲಕ್ಷ್ಮಮ್ಮ ಜಗಲಿಯ ಮೇಲೆ ಕೂತಿದ್ದಳು. ತಲೆ ಬಾಚಿ, ಒಗೆದ ಸೀರೆ ಉಟ್ಟು, ಯಾರೋ ನೆಂಟರ ಹಾದಿ ಕಾಯುವವಳ ಹಾಗಿದ್ದಳು. ಮಗ ಕಾಫಿ ಕುಡಿದು ಪಕ್ಕದಲ್ಲಿ ಕೂತ.

“ಪ್ರಸಾದೂ, ಒಂದು ಕಥೆ ಹೇಳ್ಲೇನೋ?”

ನಲವತ್ತೊಂದು ವರ್ಷದ ಮಗ ನಕ್ಕ. “ಈಗ್ಲಾ?”

“ಇನ್ಯಾವಾಗ ಹೇಳ್ಲಿ? ಹೂಂಗುಟ್ಬೇಕು ನೋಡು. ಹೂಂಗುಟ್ದೇ ಇದ್ರೆ ಕಥೆ ಮುಂದಕ್ಕೆ ಹೋಗಲ್ಲ.”

“ಹೂಂ.”

“ಒಂದೂರಲ್ಲಿ ಒಬ್ಬಳು ಅಜ್ಜಿ ಇದ್ಲಂತೆ…”

“ಹೂಂ.”

ದನಿ ಒರಟಾಗಿತ್ತು, ನಡುನಡುವೆ ಗಾಳಿಯಷ್ಟೇ ಬರುತ್ತಿತ್ತು, ಆದರೂ ಅವಳದೇ ದನಿ. ಮೂರನೆಯ ಹೂಂಗೆ ವಕೀಲ ಎದ್ದು ನಿಂತ. ದ್ವಾರಕಾನಾಥನಿಗೆ ಪ್ರೆಸ್ಸಿಗೆ ಡೈ ಕಟ್ಟೋದನ್ನ ಕಲಿಸಿದ್ದು ಯಾರು ಸಾರ್? ಕೇಳಿ ನೋಡಿ ಸಾರ್, ಕರೆಸಿ ಕೇಳಿ. ಇದು ಚೆನ್ನಾಗಿ ಬಂತು ಎನಿಸಿ ಮತ್ತೊಮ್ಮೆ ಹೇಳಿಕೊಂಡ. ಬಾಯಿ ತನ್ನ ಪಾಡಿಗೆ ಹೂಂಗುಟ್ಟುತ್ತಲೇ ಇತ್ತು. ಕಣ್ಣು ಅಂಗಳದ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳ ಮೇಲಿತ್ತು. ಆಚೆಮನೆಯ ಹರಿಕಥೆ ಶುರುವಾಯಿತು. ಆಗ ಅವನಿಗೆ ಪಕ್ಕದಲ್ಲಿ ಮಾತು ನಿಂತುಹೋಗಿದೆ ಎಂದು ತಿಳಿಯಿತು. ತಾಯಿ ಅವನ ಮುಖವನ್ನೇ ನೋಡುತ್ತಿದ್ದಳು.

“ಹೂಂ, ಆಮೇಲೆ?” ಎಂದ.

“ಅಷ್ಟೇ ಕಣೋ. ಊಟಕ್ಕೇಳು,” ಎಂದಳು.

ಬುಧವಾರ ಅಡ್ಮಿಟ್ ಆದಳು. ರಕ್ತ ಕೊಡುವವರು, ಔಷಧಿ ಚೀಟಿ ಎಂದು ಆಸ್ಪತ್ರೆಯ ಓಡಾಟದಲ್ಲೇ ದಿನ ಕಳೆಯಿತು; ರಾತ್ರಿ ಅವಳಿಗೆ ನಿದ್ದೆ ಬರಲೆಂದು ಮಾತ್ರೆ ಕೊಟ್ಟರು. ಗುರುವಾರ ಹನ್ನೊಂದು ಗಂಟೆಗೆ ಸೀತಾಲಕ್ಷ್ಮಮ್ಮನ ಮಾತು ಮುಗಿಯಿತು.

ಮೂರು ವಾರದ ಮೇಲೆ ಅವಳು ಮನೆಗೆ ಬಂದಳು. ಉಸಿರಾಡಲೆಂದು ಕತ್ತಿನಲ್ಲಿ ಮಾಡಿದ್ದ ತೂತಿನ ಮುಂದೆ ಬಿಳಿ ಬಟ್ಟೆ ಇಳಿಬಿಟ್ಟಿತ್ತು. ಊರ್ಮಿಳಾ ಒಂದು ಸ್ಲೇಟು, ಬಳಪ ತಂದಿಟ್ಟಳು. ‘ನೀರು’, ‘ಸಾಕು’, ‘ದೀಪ ಹಚ್ಚು’ ಎಂದು ಅತ್ತೆ ಅದರಲ್ಲಿ ಬರೆದು ತೋರಿಸುತ್ತಿದ್ದಳು. ಒಂದು ಸಂಜೆ ಜಗಲಿಯಲ್ಲಿ ಅವಳನ್ನು ಕಂಡು ರಾಮಾಂಜಿನಪ್ಪ ಬಂದು ಕೂತ. ಮಾತಿನ ನಡುವೆ ಊರ್ಮಿಳಾ ಟೇಪ್ ರೆಕಾರ್ಡರಿನ ವಿಷಯ ಹೇಳಿಬಿಟ್ಟಳು.

“ಅಯ್ಯೋ ಸಾಮೀ, ಒಂದ್ ಮಾತು ಕೇಳಿದ್ರೆ ನಾನೇ ತಂದು ಮಡಗ್ತಿದ್ನಲ್ಲ! ಇಂಗಾ ಮಾಡೋದು?” ಎಂದ ರಾಮಾಂಜಿನಪ್ಪ.



ಮರುದಿನ, ದೆಹಲಿಯಿಂದ ಬಂದಿದ್ದ ಮ್ಯಾನೇಜರು ಕೊನೆಗೂ ರಾಮಪ್ರಸಾದನಿಗೆ ಸಮಯ ಕೊಟ್ಟರು. ಒಂದು ತಿಂಗಳಿಂದ ತಿದ್ದಿ ತೀಡಿದ ಮಾತು. ಹದಿನೆಂಟು ವರ್ಷ, ಮೆಮೊ ಇಲ್ಲದ್ದು, ಡೈ ಕಟ್ಟುವುದನ್ನು ಕಲಿಸಿದ್ದು, ಒಂದೊಂದಾಗಿ ಹೇಳತೊಡಗಿದ. ವೆಂಕಟಸುಬ್ಬಯ್ಯನವರು ಫೈಲಿಗೆ ಸಹಿ ಹಾಕುತ್ತಾ, “ಹೂಂ… ಹೂಂ…” ಎನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಅವರ ತಲೆಯಲ್ಲೂ ಯಾವುದೋ ಕೇಸು ನಡೆಯುತ್ತಿತ್ತು. ರಾಮಪ್ರಸಾದ ನಡುವೆ ಮಾತು ನಿಲ್ಲಿಸಿದ. ಎರಡು ಕ್ಷಣ ಬಿಟ್ಟು ಅವರು, “ಹೂಂ, ಆಮೇಲೆ?” ಎಂದರು.

ಆ ಹೂಂ ಅವನಿಗೆ ಗೊತ್ತಿತ್ತು.

“ಅಷ್ಟೇ ಸಾರ್,” ಎಂದು ಎದ್ದು ಬಂದ.

ಬಸ್ಸಿಗೆ ಕಾಯದೆ ಲಗ್ಗೆರೆಯವರೆಗೂ ನಡೆದೇ ಬಂದ. ಸೀತಾಲಕ್ಷ್ಮಮ್ಮ ಅದೇ ಜಗಲಿಯ ಮೇಲೆ ಕೂತು ಹುರಳಿಕಾಯಿಯ ನಾರು ಬಿಡಿಸುತ್ತಿದ್ದಳು. ಅವಳ ಮುಂದೆ ನೆಲದ ಮೇಲೆ ಕೂತ.

“ಅಮ್ಮ, ಅವತ್ತು ಏನು ಕಥೆ ಹೇಳಿದೆ?”

ಅವಳು ಸ್ಲೇಟಿಗೆ ಕೈ ಹಾಕಿದಳು.

“ಸ್ಲೇಟು ಬೇಡ. ಬಾಯಲ್ಲೇ ಹೇಳು. ನನಗೆ ತುಟಿ ತಿಳಿಯುತ್ತೆ. ಅದೇ ನನ್ನ ಕಸುಬು.”

ಮೊದಲು ಅವಳಿಗೆ ನಂಬಿಕೆ ಬರಲಿಲ್ಲ. ತುಟಿಯಾಡಿಸಿದಳು: ‘ಕಾಲು ತೊಳ್ಕೊಂಡ್ಯಾ?’

“ಇಲ್ಲ. ಆಮೇಲೆ ತೊಳ್ಕೋತೀನಿ. ನೀನು ಹೇಳು.”

ಸೀತಾಲಕ್ಷ್ಮಮ್ಮನ ಮುಖ ಅರಳಿತು. ಹುರಳಿಕಾಯಿಯ ಮೊರವನ್ನು ಪಕ್ಕಕ್ಕಿಟ್ಟು, ಸಾವಕಾಶವಾಗಿ, ಒಂದೊಂದೇ ಮಾತನ್ನು ಬಿಡಿಸಿ ತುಟಿಯಲ್ಲಿ ಆಡಿದಳು. ಕಣ್ಣು ತಪ್ಪಿದರೆ ಮಾತು ತಪ್ಪುತ್ತದೆ ಎಂದು ಅವನು ರೆಪ್ಪೆ ಬಡಿಯದೆ ನೋಡಿದ.

‘ನಾಲ್ಕು ವರ್ಷ ಆದ್ರೂ ನಿನಗೆ ಮಾತು ಬಂದಿರ್ಲಿಲ್ಲ. ಮೂಗ ಅಂದ್ರು ಎಲ್ರೂ. ನಿಮ್ಮಪ್ಪನೂ ಅಂದ್ರು. ನಾನು ದಿನಾ ಸಂಜೆ ನಿನ್ನ ಮುಂದೆ ಕೂತು ಒಂದೇ ಕಥೆ ಹೇಳ್ತಿದ್ದೆ. ಅಜ್ಜಿಯ ಕರು ಕಳೆದುಹೋಗುತ್ತೆ. ಅಜ್ಜಿ ಹುಡುಕ್ತಾ ಹುಡುಕ್ತಾ ಊರಾಚೆ ಬಂದು ಕರೀತಾಳೆ. ಅಲ್ಲಿಗೆ ನಿಲ್ಲಿಸ್ಬಿಡ್ತಿದ್ದೆ. ನೀನು ಹೂಂ ಅಂದ್ರೆ ಕರು ಮನೆಗೆ ಬರುತ್ತೆ ಅಂತಿದ್ದೆ. ಎಂಟು ತಿಂಗಳು ಕರು ಬರಲೇ ಇಲ್ಲ.’

“ಹೂಂ,” ಎಂದ ರಾಮಪ್ರಸಾದ.

‘ಒಂದು ದಿನ ನೀನು ಹೂಂ ಅಂದೆ. ನಿನ್ನ ಬಾಯಿಂದ ಬಂದ ಮೊದಲ ಮಾತು ಅದೇ ಕಣೋ. ನಾನು ಅಳ್ತಾ ಅಳ್ತಾ ಕರೂನ ಮನೆಗೆ ಕರ್ಕೊಂಡು ಬಂದೆ.’

“ಅವತ್ತು ನನಗೆ ಇದನ್ನೇ ಹೇಳಿದ್ಯಾ?”

‘ಆ ಅಜ್ಜಿ ಕಥೆ ಹೇಳಿದೆ. ನನ್ನ ದನಿ ಹೋಗೋ ಮುಂಚೆ ಇನ್ನೊಂದ್ಸಲ ನೀನು ಹೂಂ ಅನ್ನೋದು ಕೇಳ್ಬೇಕು ಅನ್ನಿಸ್ತು.’ ಅವಳ ಕಣ್ಣಿನಲ್ಲಿ ತುಂಟತನ ಇತ್ತು, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ‘ನಿನ್ನ ಮನಸ್ಸು ಎಲ್ಲೋ ಇದೆ ಅಂತ ಗೊತ್ತಾಯ್ತು. ಕರು ಬಾವಿಗೆ ಬಿತ್ತು ಅಂದೆ. ಹೂಂ ಅಂದೆ ನೀನು. ಅಜ್ಜೀನೂ ಬಿದ್ಲು ಅಂದೆ. ಅದಕ್ಕೂ ಹೂಂ ಅಂದೆ. ಇನ್ನೇನು ಹೇಳೋದು? ಊಟಕ್ಕೇಳು ಅಂದೆ.’

ರಾಮಪ್ರಸಾದ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತ. ಅವಳು ತಲೆ ಸವರಿದಳು. ಅವಳು ಏನೋ ಹೇಳುತ್ತಿದ್ದಿರಬೇಕು ಎನಿಸಿ, ಹೀಗೆ ಮುಖ ಮುಚ್ಚಿಕೊಂಡರೆ ಅದೂ ತಪ್ಪಿಹೋಗುತ್ತದೆ ಎಂದು ಗಾಬರಿಯಾಗಿ ತಲೆಯೆತ್ತಿದ. ಕಣ್ಣೊರೆಸಿಕೊಂಡ.

“ಮೊದಲಿಂದ ಹೇಳಮ್ಮ. ಕರು ಮನೆಗೆ ಬರ್ಲಿ.”

ಅವಳು ಮೊದಲಿಂದ ಶುರುಮಾಡಿದಳು. ಒಳಗಿನಿಂದ ಊರ್ಮಿಳಾ ಏನೋ ಕೇಳಿದಳು, ಅವನು ತಿರುಗಲಿಲ್ಲ. ವಕೀಲ ಎಲ್ಲಿ ಹೋಗಿದ್ದನೋ, ತಲೆಯೊಳಗೆ ಸದ್ದೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅಲ್ಲಿ ಇನ್ನೊಬ್ಬರ ಮಾತಿಗೆ ಜಾಗವಿತ್ತು. ಆ ಖಾಲಿ ಜಾಗಕ್ಕೆ ಅಮ್ಮನ ದನಿಯನ್ನು ತಂದು ಅವಳ ತುಟಿಗೆ ಹೊಂದಿಸಿಕೊಳ್ಳೋಣ ಎಂದು ಅವನು ಹುಡುಕಿದ. ಮ್ಯಾನೇಜರರ ದನಿ ನೆನಪಿತ್ತು. ದ್ವಾರಕಾನಾಥನ ನಗು ನೆನಪಿತ್ತು. ಹುಟ್ಟಿದಂದಿನಿಂದ ಕೇಳಿದ ಅಮ್ಮನ ದನಿ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಅಜ್ಜಿ ಊರಾಚೆ ಬಂದು ನಿಂತಿದ್ದಳು. ಸೀತಾಲಕ್ಷ್ಮಮ್ಮ ಕೈಯನ್ನು ಬಾಯಿಯ ಪಕ್ಕಕ್ಕಿಟ್ಟು ಕರುವನ್ನು ಕರೆದಳು. ತುಟಿ ಅಗಲವಾಗಿ ತೆರೆಯಿತು, ಕತ್ತಿನ ಬಿಳಿ ಬಟ್ಟೆ ಒಮ್ಮೆ ಅದುರಿತು. ಆಮೇಲೆ ಅವಳು ನಿಲ್ಲಿಸಿ ಮಗನ ಮುಖ ನೋಡಿದಳು.

“ಹೂಂ,” ಎಂದ ಅವನು.