ಕಚ್ಚದೆ ಉಳಿದ ರೊಟ್ಟಿ

ದೂರ ಹೊರಡುವವರು ಹೊಸಿಲಲ್ಲಿ ನಿಂತು ದುಂಡು ರೊಟ್ಟಿಯ ಅಂಚನ್ನು ಒಮ್ಮೆ ಕಚ್ಚಬೇಕು. ಉಳಿದದ್ದನ್ನು ತಾಯಿ ಗೋಡೆಯ ಮೊಳೆಗೆ ತೂಗುಹಾಕುತ್ತಾಳೆ. ಹೋದವರು ಮರಳಿ ಬಂದು ಅದನ್ನು ಮುಗಿಸುತ್ತಾರೆ. ಮರ್ಗಿಲಾನ್ ಊರಿನಿಂದ ಸೇನೆಗೆ ಹೋದವರು, ರಷ್ಯಾಕ್ಕೆ ಕೂಲಿಗೆ ಹೋದವರು ಎಲ್ಲರೂ ಕಚ್ಚಿಯೇ ಹೋಗಿದ್ದಾರೆ. ಇಲ್ಹೋಮ್ ಮಾತ್ರ ಕಚ್ಚದೆ ಹೋದ.

ಕಚ್ಚಲು ಬಿಡದವಳು ಅವನ ಅಕ್ಕ ಕುಮ್ರಿ. ರೇಷ್ಮೆ ನೂಲಿಗೆ ಬಣ್ಣ ಹಾಕುವ ತಮ್ಮ ನಿದ್ದೆ ಬಿಟ್ಟಿದ್ದ. ನೆರೆಯವರು ನೀರಿಗೆ ವಿಷ ಬೆರೆಸಿದ್ದಾರೆಂದು ಹೆದರಿ ಆಮೇಲೆ ನೀರು ಕುಡಿಯುವುದನ್ನೂ ಬಿಟ್ಟ. ತುಟಿಗಳು ಒಡೆದು ರಕ್ತ ಜಿನುಗುತ್ತಿತ್ತು. ಪಟ್ಟಣದಲ್ಲಿ ಚಿಕ್ಕಪ್ಪನ ಮಗನ ಮದುವೆ, ಸಂಜೆಗೆ ವಾಪಸು ಎಂದು ಸುಳ್ಳು ಹೇಳಿ ಅವಳು ಅವನನ್ನು ಕಾರಿಗೆ ಹತ್ತಿಸಿದಳು. ಅಮ್ಮ ರೊಟ್ಟಿ ಹಿಡಿದು ಓಡಿ ಬಂದಾಗ ಬಾಗಿಲಲ್ಲೇ ತಡೆದಳು.

"ಅದನ್ನ ನೋಡಿದ್ರೆ ಅವನಿಗೆ ಗೊತ್ತಾಗಿಬಿಡುತ್ತೆ. ಮದುವೆಗೆ ಹೋಗೋವ್ರು ಯಾರಾದ್ರೂ ರೊಟ್ಟಿ ಕಚ್ತಾರೇನಮ್ಮ?"

ಮಾನಸಿಕ ಆಸ್ಪತ್ರೆಯ ಗೇಟು ಕಂಡಾಗ ಇಲ್ಹೋಮ್ ಅವಳ ಕಡೆ ತಿರುಗಿದ. "ಮದುಮಗ ನಾನೇನಾ ಅಕ್ಕ?"

ಮೊದಲ ಸಲ ನೋಡಲು ಬಿಟ್ಟಾಗ ಅವನು ಬೆಂಚಿನ ಮೇಲೆ ಕೊರಡಿನಂತೆ ಕೂತಿದ್ದ. ಬಾಯಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಕುಮ್ರಿ ರೊಟ್ಟಿ ಮುರಿದು ಕೊಟ್ಟಳು. ಅವನು ಬಾಯಿ ತೆರೆಯಲಿಲ್ಲ. ನನ್ನ ಮೇಲಿನ ಸಿಟ್ಟು, ಇರಲಿ, ಇರಬೇಕಾದದ್ದೇ ಎಂದುಕೊಂಡಳು.

ಮನೆಯಲ್ಲಿ ಅಮ್ಮ ಹೇಳಿದಳು: "ಕಚ್ಚದೆ ಕಳಿಸಿದೆಯಲ್ಲ, ಕಾಯೋರು ಯಾರೂ ಇಲ್ಲ ಅಂದ್ಕೊಂಡಿದ್ದಾನೆ. ಮರ ಆಗೋ ಮುಂಚೆ ಕರ್ಕೊಂಡು ಬಂದುಬಿಡು."

ಕರೆತಂದರೆ ಮತ್ತೆ ನೀರು ಕುಡಿಯುವುದನ್ನು ಬಿಡುತ್ತಾನೆ. ಅಲ್ಲೇ ಬಿಟ್ಟರೆ ಮರವಾಗುತ್ತಾನೆ. ಯಾವುದು ಸರಿಯೆಂದು ಕುಮ್ರಿಗೆ ತಿಳಿಯಲಿಲ್ಲ. ಡಾಕ್ಟರನ್ನು ಕೇಳಬಹುದಿತ್ತು. ಓದಿದವರ ಕೆಲಸದಲ್ಲಿ ಬಾಯಿ ಹಾಕುವುದು ಹೇಗೆಂದು ಹಿಂಜರಿದಳು.

ಮುಂದಿನ ವಾರ ಅವಳು ರೊಟ್ಟಿಯ ಒಂದು ಚೂರನ್ನು ಚಹಾದಲ್ಲಿ ಅದ್ದಿ ಅವನ ತುಟಿಗೆ ಹಿಡಿದಳು. ಆಗ ಕಂಡಿತು. ಅವನ ದವಡೆ ನಡುಗುತ್ತಿತ್ತು. ಕತ್ತಿನ ನರ ಉಬ್ಬಿತ್ತು. ಅವನು ತೆರೆಯಲು ಹೆಣಗುತ್ತಿದ್ದ, ಬಾಯಿ ತೆರೆದುಕೊಳ್ಳುತ್ತಿರಲಿಲ್ಲ.

"ನರ್ಸಮ್ಮ, ಇವನ ಬಾಯಿ ಕಚ್ಕೊಂಡುಬಿಟ್ಟಿದೆ!"

"ಔಷಧಿ ಕೆಲಸ ಮಾಡ್ತಿದೆ ಕಣಮ್ಮ. ನಿನ್ನ ಬೈಯೋಕೂ ಬಾಯಿ ಬರ್ತಿಲ್ಲ, ಖುಷಿಪಡು."

ಕುಮ್ರಿ ಅವಳನ್ನು ದಾಟಿ ನೇರ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. ಡಾಕ್ಟರಮ್ಮ ಬಂದು ಅವನ ದವಡೆ ಮುಟ್ಟಿ, ಮೊಣಕೈ ಮಡಿಸಿ ನೋಡಿದರು. "ಔಷಧಿ ಇವನಿಗೆ ಜಾಸ್ತಿ ಆಗಿದೆ. ನಾವೂ ನೋಡಬೇಕಿತ್ತು. ಯಾವಾಗಿಂದ ಹೀಗೆ?"

"ಹೋದ ವಾರ... ಊಟ ಬೇಡ ಅಂತ ಸಿಟ್ಟು ಮಾಡ್ತಿದ್ದಾನೆ ಅಂದ್ಕೊಂಡೆ."

"ಆಗಲೇ ಹೇಳಬಾರದಿತ್ತೇನಮ್ಮ?"

ಡಾಕ್ಟರಮ್ಮ ಗದರಲಿಲ್ಲ. ಗದರಿದ್ದರೆ ವಾಸಿ ಎನಿಸಿತು ಕುಮ್ರಿಗೆ. ಒಂದು ವಾರ ಅವನು ಮೂಕ ನೋವು ತಿಂದಿದ್ದ. ಅವಳು ಅವನ ಮುಚ್ಚಿದ ಬಾಯನ್ನು ತನಗೆ ತಕ್ಕ ಶಿಕ್ಷೆಯೆಂದು ಒಪ್ಪಿಕೊಂಡು ಸುಮ್ಮನಿದ್ದಳು.

ಔಷಧಿ ಕಡಿಮೆಯಾಯಿತು, ಬಿಗಿತಕ್ಕೆ ಬೇರೆ ಮಾತ್ರೆ ಬಂತು. ಮತ್ತೆ ಹೋದಾಗ ಇಲ್ಹೋಮ್ ಬಟ್ಟಲು ಹಿಡಿದು ತಾನೇ ನೀರು ಕುಡಿಯುತ್ತಿದ್ದ. ಕೈ ನಡುಗಿ ಅರ್ಧ ಚೆಲ್ಲಿತು, ಆದರೆ ಕುಡಿದ. ಅಮ್ಮ ಸುಟ್ಟ ಇಡೀ ರೊಟ್ಟಿಯನ್ನು ಕುಮ್ರಿ ಬಟ್ಟೆಯಿಂದ ಬಿಚ್ಚಿದಳು.

"ಒಂದ್ಸಲ ಕಚ್ಚೋ. ತಡ ಆಯ್ತು, ತಪ್ಪು ನಂದೇ. ಅಮ್ಮ ಮೊಳೆ ಖಾಲಿ ಇಟ್ಕೊಂಡು ಕೂತಿದ್ದಾಳೆ."

ಅವನು ರೊಟ್ಟಿ ಮೂಸಿದ. ಬಾಯಿ ತೆರೆದು, ಮತ್ತೆ ಮುಚ್ಚಿ, ಹಿಂದಕ್ಕೆ ಕೊಟ್ಟ.

"ಇಲ್ಲಿ ಕಚ್ಚಿದ್ರೆ ಮುಗಿಸೋಕೆ ಇಲ್ಲಿಗೇ ವಾಪಸ್ ಬರಬೇಕಾಗುತ್ತಲ್ಲ ಅಕ್ಕ?"

ಕುಮ್ರಿ ನಕ್ಕಳು. ಅವನು ನಗಲಿಲ್ಲ.

"ನನ್ನನ್ನ ಬಿಡೋ ದಿನ ಬಾ. ಆದ್ರೆ ಮದುವೆ ಗಿದುವೆ ಅಂತ ಹೇಳ್ಬೇಡ."

ಬಸ್ಸಿನಲ್ಲಿ ರೊಟ್ಟಿಯನ್ನು ಮುರಿಯದಂತೆ ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳು ಅದರ ಅಂಚಿನ ಸುತ್ತ ಹೋಯಿತು, ಮತ್ತೆ ಹೋಯಿತು. ಎಲ್ಲೂ ಒಂದು ಹಲ್ಲಿನ ಗುರುತಿರಲಿಲ್ಲ.