ಕಂಪ್ಲಿ ಬಸ್ಸಿನ ದಂಡಯಾತ್ರೆ

ಹಾಲೇಶ್ ಯುದ್ಧ ಶುರುಮಾಡುತ್ತಿದ್ದದ್ದು ಊಟಕ್ಕೆ ಕೂತಾಗ. ಮೊದಲ ರೊಟ್ಟಿ ಮುರಿಯುವಷ್ಟರಲ್ಲಿ ದಿಲ್ಲಿಯ ಸೈನ್ಯ ಕಂಪ್ಲಿ ಸೀಮೆಗೆ ಬಂದಿಳಿದಿರುತ್ತಿತ್ತು. ಎರಡನೆಯ ರೊಟ್ಟಿಗೆ ಕಂಪ್ಲಿಯ ಹಳೆಯ ದೊರೆ ಕಂಪಿಲರಾಯನ ಕುದುರೆಗಳು ಎದುರು ನುಗ್ಗುತ್ತಿದ್ದವು. ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳುವ ಹೊತ್ತಿಗೆ, “ನಮ್ಮ ಹೆಣ್ಮಕ್ಕಳು ಬೆಂಕಿಗೆ ಹಾರಿದ್ರು, ಶತ್ರು ಕೈಗೆ ಸಿಗಲಿಲ್ಲ!” ಎಂದು ಎದೆ ಉಬ್ಬಿಸುತ್ತಿದ್ದ. ಹೊಸಪೇಟೆಯಲ್ಲಿ ಅಕ್ಕಿ ಅಂಗಡಿ ಇಟ್ಟ ಮನುಷ್ಯ. ಅವನು ಆಯುಧ ಹಿಡಿದದ್ದನ್ನು ಯಾರಾದರೂ ಕಂಡಿದ್ದರೆ ಅದು ಚೀಲಕ್ಕೆ ಚುಚ್ಚಿ ಅಕ್ಕಿ ತೆಗೆದು ತೋರಿಸುವ ಕೊಳವೆ ಮಾತ್ರ. ಅವನ ಹೆಂಡತಿ ಸುನಿತಾ ಒಲೆಯ ಮುಂದೆ ರೊಟ್ಟಿ ತಿರುವುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಬೆಂಕಿಯ ಹತ್ತಿರ ಕೂತವರಿಗೆ ಆ ಕೊನೆಯ ಭಾಗ ಅಷ್ಟಾಗಿ ರುಚಿಸುವುದಿಲ್ಲ.

“ಅಪ್ಪಾ, ಕಂಪ್ಲಿ ಕೋಟಿ ನೀನು ನೋಡೀಯೇನು?” ಎಂದು ಮಗಳು ಸ್ಫೂರ್ತಿ ಒಮ್ಮೆ ಆ ಕೋಟೆಯ ವಿಚಾರ ಕೇಳಿದಳು.

“ನೋಡೋದೇನೈತಿ? ನಮ್ಮ ರಕ್ತದಾಗ ಐತಿ ಅದು.”

ರಕ್ತದಲ್ಲಿದ್ದರೆ ಸಾಲದು ಎಂದದ್ದು ಸ್ಫೂರ್ತಿಯ ಶಾಲೆಯ ಟೀಚರು. ಯುದ್ಧ ನಡೆದ ಜಾಗಗಳ ಬಗ್ಗೆ ಸೋಮವಾರ ಭಾಷಣ. ಕಣ್ಣಾರೆ ನೋಡಿ ಬಂದವರಷ್ಟೇ ಮೈಕಿನ ಮುಂದೆ, ಉಳಿದವರು ಕೆಳಗೆ ಕೂತು ಚಪ್ಪಾಳೆ ಹೊಡೆಯಬೇಕು. ಎಂಟನೆಯ ತರಗತಿಗೆ ಬಂದರೂ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದ ಹುಡುಗಿ, ಅವತ್ತು ಅದೇನು ತಿಳಿಯಿತೋ, ಕೈ ಎತ್ತಿ “ಕಂಪ್ಲಿ ಕೋಟಿ” ಎಂದುಬಿಟ್ಟಿದ್ದಳು. ಆ ಎತ್ತಿದ ಕೈ ಕೆಳಗಿಳಿಯಬಾರದು ಎಂಬುದೊಂದೇ ಸುನಿತಾಳಿಗೆ ಬೇಕಾದದ್ದು. ಈ ಸಲ ಇಳಿದರೆ ಇನ್ನು ಮೇಲೆದ್ದೀತು ಎಂಬ ನಂಬಿಕೆ ಅವಳಿಗಿರಲಿಲ್ಲ.

ಆದರೆ ಹಾಲೇಶ್ ಕಾರಿಲ್ಲದೆ ಹೊರಡುವವನಲ್ಲ. “ಅಂಗಡಿ ಸಾಹುಕಾರ ಬಸ್ಸಿನಾಗ ಜೋತಾಡ್ಕೊಂತ ಹೋದ್ರ ಮಂದಿ ಏನಂತಾರ?” ಸ್ವಂತ ಕಾರಿಲ್ಲ, ಬಾಡಿಗೆ ಕಾರೇ ಆಗಬೇಕು. ಸಂಡೂರಿನ ಕೋಟೆಗೆ ಹೋಗುತ್ತೇವೆಂದು ಹಿಂದೊಮ್ಮೆ ಮೂವರೂ ಹೊಸ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದರು. ಆ ಕಾರು ಯಾರದೋ ಮದುವೆಯ ದಿಬ್ಬಣ ಹೊತ್ತು ಮರಿಯಮ್ಮನಹಳ್ಳಿಯ ಕಡೆ ಹೋಗಿತ್ತು. ಈ ಭಾನುವಾರವೂ ಕಾರಿನ ಎರ್ರೆಪ್ಪನ ಫೋನು ಬಂತು.

“ಅಣ್ಣಾ, ಗಾಡಿ ಹಂಪಿಗೆ ಹೋಗೈತಿ. ಫಾರಿನ್ ಮಂದಿ, ಬಿಡಾಕತ್ತಿಲ್ಲ.”

“ಮುಂದಿನ ವಾರ ಹೋದ್ರಾತು ಬಿಡು” ಎಂದು ಹಾಲೇಶ್ ಕಾಲು ಚಾಚಿದ.

ಸ್ಫೂರ್ತಿ ಹೆಣೆದುಕೊಂಡಿದ್ದ ಜಡೆಯನ್ನು ಮೆಲ್ಲಗೆ ಬಿಚ್ಚತೊಡಗಿದಳು. ಸುನಿತಾ ಅದನ್ನು ನೋಡಿ, ಒಲೆ ಆರಿಸಿ, ರೊಟ್ಟಿ ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಿದಳು. “ಭಾಷಣ ನಾಳೆ ಐತ್ರಿ. ಕಂಪಿಲರಾಯನ ಕಾಲಕ್ಕೂ ಕಾರಿರಲಿಲ್ಲ. ಬಸ್ಸಿಗೆ ನಡ್ರಿ.”

ಬಸ್ಸಿನಲ್ಲಿ ತಾಯಿ ಮಗಳು ಆಧಾರ್ ತೋರಿಸಿದರು. ಕಂಡಕ್ಟರ್ ಬಿಟ್ಟಿ ಚೀಟಿ ಹರಿದುಕೊಟ್ಟು ಹಾಲೇಶನತ್ತ ತಿರುಗಿ, “ಸಾಹುಕಾರ್ರ, ನಿಮಗೊಬ್ರಿಗೇ ನೋಡ್ರಿ ಟಿಕೆಟ್ಟು” ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಹಾಲೇಶ್ ಧೂಳಿನ ನೆಪ ಮಾಡಿ ಮೂಗಿನ ಮೇಲೆ ಕರ್ಚೀಫು ಕಟ್ಟಿಕೊಂಡು, ಯಾರೂ ಗುರುತಿಸಲಾರರು ಎಂಬ ಧೈರ್ಯದಿಂದ ಕಂಬ ಹಿಡಿದು ನಿಂತ.

ಕಮಲಾಪುರದಲ್ಲಿ ಅವನ ಸೋದರತ್ತೆ ಕೊಟ್ರಬಸಮ್ಮ ಸಂತೆಚೀಲದ ಸಮೇತ ಹತ್ತಿದಳು. ಕಂಬ ಹಿಡಿದವನನ್ನು ಒಂದು ಗಳಿಗೆ ನೋಡಿ, “ಲೇ ಹಾಲೇಶಾ! ಮೂಗು ನಮ್ಮ ಮನಿತನದ್ದಲೇ, ಅರಿವಿ ಕಟ್ಟಿದ್ರ ಮುಚ್ಚತೈತೇನು? ಎಲ್ಲಿಗೆ ಹೊಂಟೀರಿ? ಅದೂ ಬಸ್ಸಿನಾಗ?” ಎಂದಳು.

ಕೋಟೆ ನೋಡಲು ಎನ್ನಬಹುದಿತ್ತು. ಆದರೆ ಬಸ್ಸು ಹತ್ತಿ ಹಾಳುಗೋಡೆ ನೋಡಲು ಹೋಗುತ್ತಿದ್ದೇನೆಂದು ಒಪ್ಪಿಕೊಳ್ಳುವ ಎದೆಗಾರಿಕೆ ನಮ್ಮ ವೀರನಿಗೆ ಬರಲಿಲ್ಲ.

“ನಿಮ್ಮ ಮನಿಗೇ ಅತ್ತೀ. ನಿಮ್ಮನ್ನ ನೋಡಿ ಭಾಳ ದಿನ ಆತಲ್ಲ, ಅದಕ್ಕ.”

ಸುನಿತಾ ಕಣ್ಣು ಮುಚ್ಚಿಕೊಂಡಳು. ಸೋದರತ್ತೆಯ ಮನೆಗೆ ಬರುತ್ತೇನೆಂದು ಬಾಯಿಬಿಟ್ಟವರು ಉಣ್ಣದೆ ವಾಪಸಾದ ಉದಾಹರಣೆ ಆ ಮನೆತನದಲ್ಲಿ ಇರಲಿಲ್ಲ. ಅವಳ ಊರು ಬುಕ್ಕಸಾಗರ ಬಂದ ಕೂಡಲೆ ಕೊಟ್ರಬಸಮ್ಮ ಬುತ್ತಿಗಂಟನ್ನು ಸುನಿತಾಳ ಕೈಯಿಂದ ಕಿತ್ತುಕೊಂಡು ಇಳಿದೇಬಿಟ್ಟಳು. ಅನ್ನದ ಗಂಟೇ ಹೋದ ಮೇಲೆ ದಂಡು ಹಿಂದೆ ಹೋಗಲೇಬೇಕು. ಕಂಪ್ಲಿಯ ಬಸ್ಸು ಅವರನ್ನು ಬಿಟ್ಟು ಗದ್ದೆಗಳ ನಡುವೆ ಮರೆಯಾಯಿತು. ಸ್ಫೂರ್ತಿ ಅದು ಕಾಣದಾಗುವವರೆಗೂ ನೋಡುತ್ತ ನಿಂತಳು.

ಮುತ್ತಿಗೆ ಎಂದರೇನೆಂದು ಸುನಿತಾಳಿಗೆ ಅವತ್ತು ತಿಳಿಯಿತು. ಮೊದಲು ಚಾ ಬಂತು, ಆಮೇಲೆ ಒಗ್ಗರಣೆ ಮಂಡಕ್ಕಿ. “ಒಂದೀಟು ಬ್ಯಾಳಿ ಕುದಿಸ್ತೀನಿ, ಹೋಳಿಗಿ ಆಗಿಬಿಡತೈತಿ” ಎಂದು ಕೊಟ್ರಬಸಮ್ಮ ಬಾಗಿಲಿಗೆ ಅಡ್ಡ ಕೂತು ಬೇಳೆ ಆರಿಸತೊಡಗಿದಳು. ಸುನಿತಾಳೇ ಕಣಕ ನಾದಿ, ಹೂರಣ ರುಬ್ಬಿ, ಹೋಳಿಗೆ ಬೇಯಿಸಿದಳು. ಹಾಲೇಶ್ ಒಂದು ಹೋಳಿಗೆಗೆ ಬ್ಯಾಡ ಎಂದ, ಎರಡನೆಯದಕ್ಕೆ ಸಾಕು ಎಂದ, ಮೂರನೆಯದಕ್ಕೆ ತುಪ್ಪ ಕೇಳಿದ. ತುಸು ಹೊತ್ತಿಗೆ ಪಡಸಾಲೆಯ ಚಾಪೆಯ ಮೇಲೆ ಗೊರಕೆ ಹೊಡೆಯುತ್ತ ಪೂರ್ತಿ ಶರಣಾದ.

“ಅಮ್ಮಾ, ಟೀಚರಿಗೆ ಜ್ವರ ಅಂತ ಹೇಳಿಬಿಡ್ತೀನಿ” ಎಂದು ಸ್ಫೂರ್ತಿ ಗೋಡೆಯ ಕಡೆ ಮುಖ ಮಾಡಿ ಹೇಳಿದಳು.

ಸುನಿತಾ ಹಿಟ್ಟಿನ ಕೈ ತೊಳೆದುಕೊಂಡು ಬಂದು ಮಗಳ ಜಡೆ ಮತ್ತೆ ಹೆಣೆದಳು. ಆಮೇಲೆ ಕೊಟ್ರಬಸಮ್ಮನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಬಿದ್ದ ಗೋಡಿ ನೋಡಾಕ ಇಷ್ಟೆಲ್ಲ ಹೊಂಟಿದ್ರಾ? ಆ ಮೂಳ ನನಗ ಸುಳ್ಳು ಹೇಳಿದ್ನಾ?” ಕೊಟ್ರಬಸಮ್ಮ ಚಾಪೆಯ ಕಡೆ ಒಮ್ಮೆ ನೋಡಿ ಬಾಗಿಲು ಬಿಟ್ಟು ಎದ್ದಳು. “ಉಂಡಾದ ಮ್ಯಾಲೆ ನಾನ್ಯಾಕ ತಡಿಲಿ? ಹೋಗ್ರಿ ಜಲ್ದಿ. ಇವನು ಏಳೋದು ಚಾ ವಾಸನಿಗೇ.”

ತಾಯಿ ಮಗಳು ರಸ್ತೆಗೆ ಓಡಿ, ಬಾಳೆಗೊನೆ ಹೇರಿದ್ದ ಟಂಟಂ ಆಟೋ ಒಂದರಲ್ಲಿ ಗೊನೆಗಳ ನಡುವೆ ಜಾಗ ಮಾಡಿಕೊಂಡು ಕಂಪ್ಲಿ ಸೇರಿದರು.

ಕೋಟೆ ಹಾಲೇಶನ ಊಟದ ಹೊತ್ತಿನ ಕೋಟೆಯಂತೆ ಇರಲಿಲ್ಲ. ಯಾವ ಕಾಲದ್ದೋ ದಪ್ಪ ಕಲ್ಲುಗಳು ಅರ್ಧ ನಿಂತಿದ್ದವು, ಅರ್ಧ ಯಾರದೋ ದನದ ಕೊಟ್ಟಿಗೆಯ ಗೋಡೆಯಾಗಿದ್ದವು. ಉಳಿದ ಗೋಡೆಯ ಮೇಲೆ ಸೀರೆ ಒಣಗುತ್ತಿದ್ದವು. ಒಳಗೆಲ್ಲ ಮನೆಗಳು, ಆಡುಗಳು, ಆಚೆಗೆ ಹೊಳೆ. ಬಟ್ಟೆ ಹರವುತ್ತಿದ್ದ ದುರುಗವ್ವ ಎಂಬ ಹೆಂಗಸು, “ಯಾರ ಮನಿ ಬೇಕಾಗಿತ್ರಿ?” ಎಂದು ಕೇಳಿದಳು.

“ಕೋಟಿ ನೋಡಾಕ ಬಂದೀವಿ. ಇಲ್ಲಿ ಯುದ್ಧ ಆಗಿತ್ತಂತಲ್ರಿ?” ಎಂದಳು ಸ್ಫೂರ್ತಿ.

“ದಿನಾ ಆಗತೈತವ್ವಾ. ನಳದ ನೀರು ಬಂದಾಗ ಬಾ, ತೋರಸ್ತೀನಿ.”

ಸ್ಫೂರ್ತಿ ಅವತ್ತು ಮೊದಲ ಸಲ ನಕ್ಕಳು. ಆಮೇಲೆ ಬಿಸಿ ಕಲ್ಲಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು.

“ಅಮ್ಮಾ, ಹೊರಗ ದಂಡು ಬಂದು ಕೂತಾಗ ಒಳಗ ಅಡಿಗಿ ಯಾರು ಮಾಡ್ತಿದ್ರು?”

“ಯಾರು ಮಾಡ್ತಾರ? ನೀನೇ ಹೇಳು.”

“ಮತ್ತ ಕಡೀಕ ಬೆಂಕಿಗೂ ಅವರೇ ಹೋದ್ರಾ?”

ಸುನಿತಾ ಮಗಳ ಬೆನ್ನ ಮೇಲೆ ಕೈಯಿಟ್ಟಳು.

ಬುಕ್ಕಸಾಗರಕ್ಕೆ ವಾಪಸ್ ಬಂದಾಗ ಹಾಲೇಶ್ ಎದ್ದಿದ್ದ. ಕಟ್ಟೆಯ ಮೇಲೆ ಚಾ ಕುಡಿಯುತ್ತ ಪಕ್ಕದ ಮನೆಯ ಪಂಪಣ್ಣನಿಗೂ ನಾಲ್ಕಾರು ಗಂಡಸರಿಗೂ ಕಂಪ್ಲಿ ಕೋಟೆಯ ವರ್ಣನೆ ನಡೆಸಿದ್ದ. ಬುರುಜುಗಳು ಮುಗಿಲಿಗೆ ಮುಟ್ಟಿದ್ದವು, ಬಾಗಿಲಲ್ಲಿ ಆನೆ ನಿಂತಿತ್ತು. ಮಗಳನ್ನು ಕಂಡು ಹಿಗ್ಗಿ, “ಬಾ, ಹೇಳು ಇವ್ರಿಗೆ, ಹೆಂಗೈತಿ ನಮ್ಮ ಕೋಟಿ!” ಎಂದ.

ಅಷ್ಟೂ ಮುಖಗಳು ಸ್ಫೂರ್ತಿಯ ಕಡೆ ತಿರುಗಿದವು. ಹುಡುಗಿ ಚಪ್ಪಲಿ ನೋಡಿಕೊಂಡಳು, ಗಂಟಲು ಸರಿಮಾಡಿಕೊಂಡಳು.

“ಆನಿ ಇಲ್ಲ. ಆಡು ಅದಾವ. ಗೋಡಿ ಮ್ಯಾಲೆ ಸೀರಿ ಒಣಗಾಕತ್ತಿದ್ವು” ಎಂದು ಶುರುಮಾಡಿ, ಕಲ್ಲು, ಹೊಳೆ, ನಳದ ಜಗಳ, ಮುತ್ತಿಗೆಯಲ್ಲೂ ಉರಿಯುತ್ತಿದ್ದಿರಬೇಕಾದ ಒಲೆಗಳು, ಎಲ್ಲ ಹೇಳಿದಳು. ಮೊದಲು ದನಿ ನಡುಗಿತು, ಆಮೇಲೆ ನಡುಗಲಿಲ್ಲ. ಪಂಪಣ್ಣ ಬೀಡಿ ಆರಿದ್ದನ್ನೂ ಮರೆತು ಕೇಳಿದ.

ಹಾಲೇಶ್ ಚಡಪಡಿಸಿದ. “ಅದೆಲ್ಲ ಇರ್ಲಿ. ನಾಳೆ ಕಡೀಕ ನಮ್ಮವರು ಗೆದ್ರು ಅಂತ ಹೇಳಿ ಮುಗಸು.”

“ಸೋತ್ರಪ್ಪಾ. ಭಾಳ ಕೆಟ್ಟ ಸೋತ್ರು. ಗೆದ್ದವರು ಬೆಂಕಿಗೆ ಯಾಕ ಹಾರ್ತಾರ?”

ಅಷ್ಟರಲ್ಲಿ ತಿರುವಿನಲ್ಲಿ ಹೊಸಪೇಟೆಯ ಬಸ್ಸಿನ ಹಾರ್ನ್ ಕೇಳಿಸಿತು. ಹಾಲೇಶ್ ಪಂಪಣ್ಣನ ಹೆಗಲ ಮೇಲಿನ ಟವೆಲ್ ಸೆಳೆದುಕೊಂಡು ಓಡಿದ. ಬಸ್ಸು ನಿಲ್ಲುವ ಮೊದಲೇ ಅದನ್ನು ಕಿಟಕಿಯೊಳಗೆ ಎಸೆದು, ಇಬ್ಬರು ಮುದುಕರನ್ನು ಮೊಣಕೈಯಿಂದ ಸರಿಸಿ, ಒಳನುಗ್ಗಿ ಸೀಟು ಗೆದ್ದ. ಕಿಟಕಿಯಿಂದ ತಲೆ ಹೊರಹಾಕಿ ವಿಜಯದ ದನಿಯಲ್ಲಿ ಕೂಗಿದ:

“ಸ್ಫೂರ್ತಿ, ಜಲ್ದಿ ಬಾ! ನಿನಗ ಕಿಟಕಿ ಹಿಡಿದೀನಿ. ನಾಳೆ ಮಾತಾಡಾಕಿ ನೀನು, ನಿಂತ್ಕೊಂಡು ಬರಬ್ಯಾಡ.”